ಹಿತ್ತಲ ಗಿಡಕ್ಕೆ ಮದ್ದು

ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಹಿತ್ತಲ ಗಿಡಕ್ಕೇ ಮದ್ದು ಬೇಕಾದಾಗ ಏನು ಮಾಡಬೇಕೆಂದು ತಿಳಿಸುವ ಗಾದೆಯೊಂದು ಇದ್ದಿದ್ದರೆ ಪಟ್ಟಣವಾಸಿಗಳಾದ ನಮಗೆ ಬಹಳ ಉಪಕಾರವಾಗುತ್ತಿತ್ತು. ನಿವೇಶನದಲ್ಲಿ ಮನೆ ಕಟ್ಟಿ ಉಳಿದ ಮೂಲೆಯಲ್ಲಿ ಒಂದು ಮಾವು, ಒಂದು ಸಪೋಟ, ಒಂದು ನಿಂಬೆ, ಬಚ್ಚಲ ನೀರು ಹರಿಯುವ ಕಡೆ ನಾಲ್ಕು ಬಾಳೆ: ನಮ್ಮ ತೋಟವೆಂದರೆ ಇಷ್ಟೇ. ಇವುಗಳಲ್ಲಿ ಒಂದು ಸೊರಗಿತೆಂದುಕೊಳ್ಳಿ. ಎಲೆ ಹಳದಿಗಟ್ಟುತ್ತದೆ, ಕೊಂಬೆಯ ತುದಿ ಒಣಗುತ್ತದೆ, ಕಾಂಡದಿಂದ ಅಂಟು ಸೋರುತ್ತದೆ, ಹೂವು ಬಂದರೂ ಕಾಯಿ ನಿಲ್ಲುವುದಿಲ್ಲ. ನೋಡಿದವರೆಲ್ಲ ವೈದ್ಯರಾಗುತ್ತಾರೆ. ಗೊಬ್ಬರ ಸಾಲದು, ಇನ್ನೊಂದು ಪುಟ್ಟಿ ಸುರಿಯಿರಿ ಎನ್ನುವವರು ಕೆಲವರು. ಕಡಿದುಹಾಕಿ, ಮನೆಗೆ ಬೆಳಕಾದರೂ ಬರುತ್ತದೆ ಎನ್ನುವವರು ಕೆಲವರು. ಈ ಎರಡು ಮಾತುಗಳಿಗೂ ನಡುವೆ ಮೂರನೆಯ ಮಾತೊಂದನ್ನು ಹೇಳಿದ ಪ್ರಾಚೀನರು ನಮ್ಮ ದೇಶದಲ್ಲಿದ್ದರು. ಅವರ ಶಾಸ್ತ್ರಕ್ಕೆ ವೃಕ್ಷಾಯುರ್ವೇದವೆಂದು ಹೆಸರು. ಆ ಶಾಸ್ತ್ರ ಬೆಳೆದುಬಂದ ಬಗೆಯನ್ನೂ ಅದರಲ್ಲಿ ಇಂದಿಗೆ ನಿಲ್ಲುವುದೆಷ್ಟು, ಬೀಳುವುದೆಷ್ಟು ಎಂಬುದನ್ನೂ ನನಗೆ ತೋಚಿದಂತೆ ಇಲ್ಲಿ ಹೇಳುತ್ತೇನೆ.

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೇ ಈ ಹೆಸರು ಕಾಣುತ್ತದೆ. ಅರಸನ ಬೇಸಾಯವನ್ನು ನೋಡಿಕೊಳ್ಳುವ ಸೀತಾಧ್ಯಕ್ಷನು ವೃಕ್ಷಾಯುರ್ವೇದವನ್ನು ಬಲ್ಲವನಾಗಿರಬೇಕು, ಇಲ್ಲವೇ ಬಲ್ಲವರನ್ನು ಜೊತೆಯಲ್ಲಿ ಇಟ್ಟುಕೊಂಡಿರಬೇಕು ಎಂದು ಅಲ್ಲಿ ವಿಧಿಸಿದೆ. ಆದರೆ ಶಾಸ್ತ್ರದ ಒಳಗಿನ ವಿಷಯ ನಮಗೆ ಸ್ಪಷ್ಟವಾಗಿ ದೊರೆಯುವುದು 6ನೆಯ ಶತಮಾನದ ವರಾಹಮಿಹಿರನಲ್ಲಿ. ಆತನನ್ನು ಜ್ಯೋತಿಷಿಯೆಂದು ಮಾತ್ರ ತಿಳಿದವರು ಬೃಹತ್ಸಂಹಿತೆಯನ್ನು ಒಮ್ಮೆ ತೆರೆದು ನೋಡಬೇಕು. ನೆಲದೊಳಗಿನ ನೀರನ್ನು ಕಂಡುಹಿಡಿಯುವ ಅಧ್ಯಾಯ ಮುಗಿದೊಡನೆ ಮರಗಳ ಅಧ್ಯಾಯ ಬರುತ್ತದೆ. ಮೂವತ್ತರ ಆಸುಪಾಸಿನ ಶ್ಲೋಕಗಳ ಪುಟ್ಟ ಪ್ರಕರಣ ಅದು. ಆದರೆ ಅದನ್ನು ಬರೆದವನು ಗುದ್ದಲಿ ಹಿಡಿದವರ ಮಾತನ್ನು ಕಿವಿಗೊಟ್ಟು ಕೇಳಿದ್ದಾನೆ. ಮೆದುವಾದ ಮಣ್ಣು ಎಲ್ಲ ಮರಗಳಿಗೂ ಹಿತವೆನ್ನುತ್ತಾನೆ. ಆ ಮಣ್ಣಿನಲ್ಲಿ ಮೊದಲು ಎಳ್ಳು ಬಿತ್ತಿ, ಅದು ಹೂವಿಗೆ ಬಂದಾಗ ಅಲ್ಲಿಯೇ ತುಳಿದು ಮಣ್ಣಿಗೆ ಸೇರಿಸಬೇಕೆನ್ನುತ್ತಾನೆ. ನಾವು ಇಂದು ಹಸಿರೆಲೆ ಗೊಬ್ಬರವೆಂದು ಕರೆಯುವುದು ಇದನ್ನೇ. ಮರದಿಂದ ಮರಕ್ಕೆ ಇಪ್ಪತ್ತು ಮೊಳದ ಅಂತರ ಉತ್ತಮ, ಹದಿನಾರು ಮಧ್ಯಮ, ಹನ್ನೆರಡು ಕನಿಷ್ಠವೆಂದು ಲೆಕ್ಕ ಕೊಡುತ್ತಾನೆ. ಒತ್ತೊತ್ತಾಗಿ ಬೆಳೆದು ಬೇರುಗಳು ಹೆಣೆದುಕೊಂಡ ಮರಗಳು ಸರಿಯಾಗಿ ಫಲ ಕೊಡುವುದಿಲ್ಲವೆಂದು ಕಾರಣವನ್ನೂ ಹೇಳುತ್ತಾನೆ. ಇಪ್ಪತ್ತು ಮೊಳವೆಂದರೆ ಮೂವತ್ತಡಿ. ಮಾವಿಗೆ ಹತ್ತು ಮೀಟರು ಬಿಡಿ ಎನ್ನುವ ತೋಟಗಾರಿಕೆಯ ಪುಸ್ತಕಗಳಿಗೂ ವರಾಹಮಿಹಿರನಿಗೂ ನಡುವೆ ಇರುವ ವ್ಯತ್ಯಾಸ ಮೂರಡಿಗಿಂತ ಹೆಚ್ಚಿಲ್ಲ.

ರೋಗದ ಮಾತಿಗೆ ಬರೋಣ. ಚಳಿ, ಗಾಳಿ, ಬಿಸಿಲುಗಳಿಂದ ಮರಕ್ಕೆ ರೋಗ ಬರುತ್ತದೆ. ಎಲೆ ಬಿಳಿಚಿಕೊಳ್ಳುವುದು, ಚಿಗುರು ಬೆಳೆಯದಿರುವುದು, ಕೊಂಬೆ ಒಣಗುವುದು, ರಸ ಸೋರುವುದು ಅದರ ಲಕ್ಷಣಗಳು ಎಂದು ಆತ ಎಣಿಸುತ್ತಾನೆ. ನಮ್ಮ ಹಿತ್ತಲಲ್ಲಿ ನಾವು ಕಾಣುವ ಲಕ್ಷಣಗಳೂ ಇವೇ ಅಲ್ಲವೇ? ಚಿಕಿತ್ಸೆಯಲ್ಲಿ ಮೊದಲ ಹೆಜ್ಜೆ ಶೋಧನೆ. ಎಂದರೆ ಶಸ್ತ್ರದಿಂದ ಕೆಟ್ಟ ಭಾಗವನ್ನು ತೆಗೆದು ಶುದ್ಧಮಾಡುವುದು. ಎರಡನೆಯದು ಲೇಪ: ವಾಯುವಿಳಂಗ, ತುಪ್ಪ ಮತ್ತು ಕೆಸರನ್ನು ಕಲಸಿ ಗಾಯಕ್ಕೆ ಬಳಿಯುವುದು. ಅನಂತರ ಹಾಲು ಬೆರೆಸಿದ ನೀರನ್ನು ಎರೆಯುವುದು. ಕಾಯಿ ನಿಲ್ಲದ ಮರಕ್ಕೆ ಹುರುಳಿ, ಉದ್ದು, ಹೆಸರು, ಎಳ್ಳು, ಜವೆಗಳನ್ನು ಹಾಲಿನಲ್ಲಿ ಬೇಯಿಸಿ, ಆರಿಸಿ ಬುಡಕ್ಕೆ ಹಾಕುವುದು. ಆಡುಕುರಿಗಳ ಹಿಕ್ಕೆ, ಎಳ್ಳು, ಹಿಟ್ಟು, ಮಾಂಸಗಳನ್ನು ನೀರಿನಲ್ಲಿ ಏಳು ರಾತ್ರಿ ಕೊಳೆಯಿಸಿ ಎರೆಯುವ ಇನ್ನೊಂದು ಯೋಗವೂ ಅಲ್ಲಿದೆ.

ಇಲ್ಲಿ ತುಪ್ಪ, ಹಾಲುಗಳನ್ನು ಕಂಡು ನಗುವವರಿದ್ದಾರೆ. ಅವನ್ನೇ ಕಂಡು ಪುಲಕಿತರಾಗುವವರೂ ಇದ್ದಾರೆ. ಇಬ್ಬರೂ ಮುಖ್ಯವಾದುದನ್ನು ಬಿಟ್ಟು ನೋಡುತ್ತಾರೆಂದು ನನ್ನ ಭಾವನೆ. ಇಲ್ಲಿ ಮುಖ್ಯವಾದದ್ದು ದ್ರವ್ಯವಲ್ಲ, ಕ್ರಮ. ಮೊದಲು ಶೋಧನೆ, ಆಮೇಲೆ ಲೇಪ, ಕಡೆಗೆ ಆಹಾರ. ಜ್ವರ ಬಂದ ಮಗುವಿಗೆ ಹೋಳಿಗೆ ಬಡಿಸುವ ತಾಯಿ ಇಲ್ಲ. ಆದರೆ ಸೊರಗಿದ ಮರಕ್ಕೆ ನಾವು ಮೊದಲು ಮಾಡುವ ಉಪಚಾರ ಅದೇ. ಅಂಗಡಿಯಿಂದ ಯೂರಿಯಾ ತಂದು ಬುಡಕ್ಕೆ ಎರಚುತ್ತೇವೆ. ಬೇರು ಕೊಳೆತಿರುವ ಮರಕ್ಕೆ ಆ ಗೊಬ್ಬರವನ್ನು ಹೀರುವ ಶಕ್ತಿ ಇರುವುದಿಲ್ಲ. ಮಣ್ಣಿನಲ್ಲಿ ಉಪ್ಪು ಹೆಚ್ಚಾಗಿ ಉಳಿದ ಬೇರೂ ಬೆಂದುಹೋಗುತ್ತದೆ. ಹಾಲಿನ ವಿಷಯದಲ್ಲಿ ಒಂದು ಮಾತು ಸೇರಿಸಬಹುದು. 1999ರಲ್ಲಿ ಬ್ರೆಜಿಲಿನ ಬೆಟಿಯೋಲ್ ಎಂಬ ವಿಜ್ಞಾನಿ ನೀರು ಬೆರೆಸಿದ ಹಸುವಿನ ಹಾಲು ಕುಂಬಳದ ಜಾತಿಯ ಗಿಡಗಳ ಬೂದಿರೋಗವನ್ನು ತಡೆಯುತ್ತದೆಂದು ಪ್ರಯೋಗದಿಂದ ತೋರಿಸಿದರು. ಅದು ಎಲೆಗೆ ಸಿಂಪಡಿಸಿದ ಹಾಲು, ಬುಡಕ್ಕೆ ಎರೆದದ್ದಲ್ಲ. ವರಾಹಮಿಹಿರನಿಗೆ ಇದೆಲ್ಲ ಗೊತ್ತಿತ್ತೆಂದು ಹೊರಡುವುದು ಅವನಿಗೂ ಗೌರವವಲ್ಲ, ವಿಜ್ಞಾನಕ್ಕೂ ಗೌರವವಲ್ಲ.

ಕನ್ನಡಿಗರಾದ ನಮಗೆ ಈ ಶಾಸ್ತ್ರದಲ್ಲಿ ಒಂದು ಸ್ವಂತ ಪಾಲು ಇದೆ. ಕಲ್ಯಾಣದ ಚಾಳುಕ್ಯ ಅರಸ ಇಮ್ಮಡಿ ಜಯಸಿಂಹನ ಕಾಲದಲ್ಲಿ, 1025ರ ಸುಮಾರಿನಲ್ಲಿ, ಚಾವುಂಡರಾಯನೆಂಬ ಕವಿ ಲೋಕೋಪಕಾರವೆಂಬ ಗ್ರಂಥವನ್ನು ಕನ್ನಡದಲ್ಲಿ ಬರೆದ. ಗೊಮ್ಮಟನನ್ನು ಕಡೆಯಿಸಿದ ಚಾವುಂಡರಾಯ ಬೇರೆ, ಈತ ಬೇರೆ. ಹೆಸರೇ ಹೇಳುವಂತೆ ಇದು ಪಂಡಿತರಿಗಾಗಿ ಮಾತ್ರ ಬರೆದ ಪುಸ್ತಕವಲ್ಲ. ಪಂಚಾಂಗ, ವಾಸ್ತು, ಅಂತರ್ಜಲ, ಗಂಧದ್ರವ್ಯ, ಅಡುಗೆ, ಮನುಷ್ಯರ ವೈದ್ಯ, ದನಕುದುರೆಗಳ ವೈದ್ಯ, ವಿಷವೈದ್ಯ, ಶಕುನ ಎಲ್ಲವೂ ಅದರಲ್ಲಿವೆ. ಅವುಗಳ ನಡುವೆ ವೃಕ್ಷಾಯುರ್ವೇದವೂ ಇದೆ. ಬೀಜಕ್ಕೆ ಸಂಸ್ಕಾರ, ನೆಡುವ ಬಗೆ, ಗೊಬ್ಬರ, ರೋಗಕ್ಕೆ ಮದ್ದು, ಹೂವು ಹಣ್ಣುಗಳ ಗುಣವನ್ನು ಬದಲಿಸುವ ಉಪಾಯ ಇವೆಲ್ಲ ಅಲ್ಲಿ ಬರುತ್ತವೆ. ಅಡುಗೆಮನೆಗೂ ಕೊಟ್ಟಿಗೆಗೂ ಹಿತ್ತಲಿಗೂ ಒಂದೇ ಪುಸ್ತಕ ಸಾಕೆಂಬ ಅವನ ವಿಚಾರ ನನಗೆ ಬಹಳ ಪ್ರಿಯವಾದದ್ದು. ಮನೆ ನಡೆಸುವುದೆಂದರೆ ಮನುಷ್ಯರನ್ನೂ ದನಗಳನ್ನೂ ಮರಗಳನ್ನೂ ಒಟ್ಟಿಗೆ ನೋಡಿಕೊಳ್ಳುವುದೆಂಬ ತಿಳಿವಳಿಕೆ ಆ ಅಧ್ಯಾಯಗಳ ಜೋಡಣೆಯಲ್ಲಿಯೇ ಇದೆ. ಸಾಹಿತ್ಯ ಚರಿತ್ರೆಗಳು ಈ ಗ್ರಂಥಕ್ಕೆ ಒಂದು ವಾಕ್ಯ ಕೊಟ್ಟು ಮುಂದೆ ಸಾಗುತ್ತವೆ. ಕಾವ್ಯಗುಣ ಕಡಿಮೆಯೆಂಬುದು ನಿಜವಿರಬಹುದು. ಆದರೆ 11ನೆಯ ಶತಮಾನದ ಒಂದು ಮನೆಯ ಹಿತ್ತಲನ್ನು ಯಾವ ಚಂಪೂಕಾವ್ಯ ನಮಗೆ ತೋರಿಸಿಕೊಡುತ್ತದೆ?

ಚಾವುಂಡರಾಯನಿಗೆ ಹೆಚ್ಚುಕಡಿಮೆ ಸಮಕಾಲೀನನೆನ್ನಬಹುದಾದ ಸುರಪಾಲನ ಕಥೆ ವಿಚಿತ್ರವಾದದ್ದು. ಭೀಮಪಾಲನೆಂಬ ಅರಸನ ಆಸ್ಥಾನದಲ್ಲಿದ್ದ ಈತ ವೃಕ್ಷಾಯುರ್ವೇದವೆಂಬ ಹೆಸರಿನಲ್ಲಿಯೇ 325 ಶ್ಲೋಕಗಳ ಸ್ವತಂತ್ರ ಗ್ರಂಥವನ್ನು ರಚಿಸಿದ. ಅದರ ಹಸ್ತಪ್ರತಿ ಕಾಲಾಂತರದಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯವನ್ನು ಸೇರಿತ್ತು. ಸಸ್ಯರೋಗ ವಿಜ್ಞಾನಿ ವೈ. ಎಲ್. ನೆನೆಯವರು 1994ರಲ್ಲಿ ಅದರ ಪ್ರತಿಯನ್ನು ತರಿಸಿಕೊಂಡರು. ನಳಿನಿ ಸಾಧಲೆಯವರು ಮಾಡಿದ ಇಂಗ್ಲಿಷ್ ಅನುವಾದ 1996ರಲ್ಲಿ ಸಿಕಂದರಾಬಾದಿನಿಂದ ಹೊರಬಂತು. ಮರದ ವೈದ್ಯನಿಗೆ ತನ್ನ ಊರಿಗೆ ಮರಳಲು ಇಷ್ಟು ಕಾಲ ಬೇಕಾಯಿತು.

ಸುರಪಾಲ ಮನುಷ್ಯ ವೈದ್ಯದ ತ್ರಿದೋಷಗಳನ್ನು ನೇರವಾಗಿ ಮರಕ್ಕೆ ಹೊಂದಿಸುತ್ತಾನೆ. ನೆಲ ಒಣಗಿ ವಾತ ಕೆರಳಿದ ಮರದಲ್ಲಿ ಕಾಂಡ ಬಡಕಲಾಗಿ ಗಂಟುಗಳೇಳುತ್ತವೆ, ಹಣ್ಣು ಗಟ್ಟಿಯಾಗಿ ರಸ ಕಡಿಮೆಯಾಗುತ್ತದೆ. ಬೇಸಗೆಯ ಕೊನೆಯಲ್ಲಿ ಪಿತ್ತ ಕೆರಳಿದ ಮರದ ಎಲೆ ಹಳದಿಯಾಗುತ್ತದೆ, ಕಾಯಿ ಅಕಾಲದಲ್ಲಿ ಉದುರುತ್ತದೆ. ಕಫ ಹೆಚ್ಚಿದ ಮರ ಹಣ್ಣು ಬಿಡಲು ತಡಮಾಡುತ್ತದೆ, ಎಲೆ ಬಿಳಿಚಿ ಕಿರಿದಾಗುತ್ತದೆ, ಬಂದ ಹಣ್ಣಿಗೂ ರುಚಿಯಿಲ್ಲ. ಕಫಕ್ಕೆ ಕಾರಣವೇನು? ಸಿಹಿಯಾದ, ಜಿಡ್ಡಾದ, ತಂಪಾದ ಪದಾರ್ಥಗಳನ್ನು ಅತಿಯಾಗಿ ಎರೆಯುವುದು. ಎಂದರೆ ಉಪಚಾರವೇ ಅತಿಯಾಗಿ ರೋಗವಾಗುತ್ತದೆ. ಮರಕ್ಕೆ ವಾತಪಿತ್ತಕಫಗಳಿಲ್ಲವೆಂಬುದು ಇಂದು ಶಾಲೆಯ ಮಕ್ಕಳಿಗೂ ಗೊತ್ತು. ಆದರೂ ಮೂರು ಪೆಟ್ಟಿಗೆಗಳಿದ್ದ ಕಾರಣ ಆ ವೈದ್ಯ ಮರದ ಮುಂದೆ ನಿಂತು, ಇದಕ್ಕೆ ನೀರು ಸಾಲದೆ ಹೀಗಾಯಿತೋ, ಬಿಸಿಲು ಹೆಚ್ಚಾಗಿಯೋ, ನೀರೇ ಹೆಚ್ಚಾಗಿಯೋ ಎಂದು ಕೇಳಿಕೊಳ್ಳಬೇಕಾಯಿತು. ಮದ್ದಿಗಿಂತ ಮೊದಲು ಪ್ರಶ್ನೆ. ಬಚ್ಚಲ ಪಕ್ಕದ ಸಪೋಟ ಮರವನ್ನು ನೋಡಿದಾಗಲೆಲ್ಲ ನನಗೆ ಸುರಪಾಲನ ಕಫದ ನೆನಪು ಬರುತ್ತದೆ. ಹಿಂದೆ ಬಚ್ಚಲಿನಿಂದ ಸೀಗೆಯ, ಕಡಲೆಹಿಟ್ಟಿನ ನೀರು ಹೋಗುತ್ತಿತ್ತು. ಈಗ ಹೋಗುವುದು ಬಟ್ಟೆ ಒಗೆಯುವ ಪುಡಿಯ ನೀರು. ಅದರ ಸೋಡಿಯಂ ಮಣ್ಣನ್ನು ಬಿಗಿಗೊಳಿಸುತ್ತದೆ, ಬೇರಿಗೆ ಗಾಳಿ ಆಡುವುದಿಲ್ಲ. ದಿನವೂ ಒದ್ದೆಯಾಗಿರುವ ಬುಡದಲ್ಲಿ ಬೇರು ಉಸಿರುಕಟ್ಟಿ ಕೊಳೆಯುತ್ತದೆ. ಮೇಲಿನ ಎಲೆ ಮಾತ್ರ ನೀರಿಲ್ಲದಂತೆ ಬಾಡುತ್ತದೆ. ಬಾಡಿದೆಯೆಂದು ಮನೆಯವರು ಇನ್ನೆರಡು ಕೊಡ ಹೆಚ್ಚು ಸುರಿಯುತ್ತಾರೆ.

ಸುರಪಾಲನ ಕುಣಪಜಲ ಈಚೆಗೆ ಸಾವಯವ ಕೃಷಿಕರ ನಡುವೆ ಮತ್ತೆ ಹೆಸರುಮಾಡಿದೆ. ಮಾಂಸ, ಕೊಬ್ಬು, ಮೀನುಗಳನ್ನು ಬೇಯಿಸಿ, ಹೊಟ್ಟು, ಎಳ್ಳಿನ ಹಿಂಡಿ, ನೆನೆಸಿದ ಉದ್ದು, ಜೇನು, ತುಪ್ಪ ಸೇರಿಸಿ, ಜಿಡ್ಡು ಹಿಡಿದ ಮಡಕೆಯಲ್ಲಿಟ್ಟು ಬೆಚ್ಚಗಿನ ಜಾಗದಲ್ಲಿ ಕೊಳೆಯಿಸಿದ ದ್ರವವದು. ಕೊಳೆತ ಪ್ರೋಟೀನಿನಿಂದ ಸಾರಜನಕ ದೊರೆಯುವುದರಿಂದ ಅದು ಒಳ್ಳೆಯ ಗೊಬ್ಬರವೆಂಬುದರಲ್ಲಿ ಸಂಶಯವಿಲ್ಲ. ಸುತ್ತ ನಾಲ್ಕು ಮನೆಗಳಿರುವ ಬೀದಿಯಲ್ಲಿ ಅದನ್ನು ಮಾಡುವ ಧೈರ್ಯ ಯಾರಿಗಿದೆಯೋ ಕಾಣೆ. ಮುರಿದ ಮರಕ್ಕೆ ಬಸರಿ, ಅತ್ತಿಯ ತೊಗಟೆಯ ಲೇಪ ಹಚ್ಚಿ ಹುಲ್ಲಿನ ಹಗ್ಗದಿಂದ ಬಿಗಿಯಾಗಿ ಕಟ್ಟಿ, ಪಾತಿಗೆ ಹೊಸ ಮಣ್ಣು ತುಂಬಬೇಕೆಂಬುದು ಇದಕ್ಕಿಂತ ಹೆಚ್ಚು ಉಪಯೋಗದ ಮಾತು. ಹಣ್ಣಿಗೆ ಬೀಜವಿಲ್ಲದಂತೆ ಮಾಡುವ, ಹೂವಿನ ಬಣ್ಣ ಬದಲಿಸುವ ಯೋಗಗಳು ಅರಸರ ವಿನೋದಕ್ಕೆ ಸೇರಿದವು. ಅವನ್ನು ಅಲ್ಲಿಗೇ ಬಿಡೋಣ.

ಮುಂದಿನ ಶತಮಾನಗಳಲ್ಲಿ ಈ ವಿಷಯ 1363ರ ಶಾರ್ಙ್ಗಧರ ಪದ್ಧತಿಯಲ್ಲಿ ಉಪವನವಿನೋದವಾಗಿ ಬಂತು. 18ನೆಯ ಶತಮಾನದ ಆರಂಭದಲ್ಲಿ ಕೆಳದಿಯ ಬಸವಪ್ಪನಾಯಕ ತನ್ನ ಶಿವತತ್ತ್ವರತ್ನಾಕರವೆಂಬ ಸಂಸ್ಕೃತ ವಿಶ್ವಕೋಶದಲ್ಲಿಯೂ ಅದಕ್ಕೆ ಸ್ಥಾನ ಕೊಟ್ಟ. ಹೆಸರುಗಳು ದೊಡ್ಡವು, ಪರಂಪರೆ ದೀರ್ಘ. ಆದರೆ ಒಂದನ್ನು ಒಪ್ಪಬೇಕು. ಗ್ರಂಥದಿಂದ ಗ್ರಂಥಕ್ಕೆ ವಾಯುವಿಳಂಗ, ತುಪ್ಪ, ಜೇನುಗಳೇ ಸಾಗಿಬಂದವು. ಎರಡು ಮರಗಳನ್ನು ಅಕ್ಕಪಕ್ಕ ನಿಲ್ಲಿಸಿ, ಒಂದಕ್ಕೆ ಮದ್ದು ಕೊಟ್ಟು ಇನ್ನೊಂದಕ್ಕೆ ಕೊಡದೆ, ಏನಾಯಿತೆಂದು ಬರೆದಿಟ್ಟವರು ಅವರಲ್ಲಿ ನನಗೆ ಕಾಣಲಿಲ್ಲ. ಪ್ರತಿಮಾಡುವವನ ಲೇಖನಿಗೆ ತೋಟದ ಮಣ್ಣು ಹತ್ತಲಿಲ್ಲ.

ಹಾಗೆ ನೋಡಿ ಬರೆದವರಿಂದ ಬಂದ ಮದ್ದೊಂದು ಯೂರೋಪಿನಲ್ಲಿ ಹುಟ್ಟಿತು. ಫ್ರಾನ್ಸಿನ ಬೋರ್ಡೊ ಸೀಮೆಯ ದ್ರಾಕ್ಷಿ ಬೆಳೆಗಾರರು ದಾರಿಹೋಕರು ಹಣ್ಣು ಕೀಳದಿರಲೆಂದು ರಸ್ತೆಬದಿಯ ಬಳ್ಳಿಗಳಿಗೆ ಮೈಲುತುತ್ತವನ್ನೂ ಸುಣ್ಣವನ್ನೂ ಕಲಸಿ ಎರಚುತ್ತಿದ್ದರು. ವಿಷವೆಂದು ಜನ ಹೆದರಬೇಕು, ಅಷ್ಟೇ ಉದ್ದೇಶ. 1882ರಲ್ಲಿ ಮಿಲಾರ್ಡೆ ಎಂಬ ಸಸ್ಯಶಾಸ್ತ್ರಜ್ಞ ಆ ದಾರಿಯಲ್ಲಿ ನಡೆದುಹೋಗುವಾಗ, ಬೂಷ್ಟುರೋಗದಿಂದ ತೋಟವೆಲ್ಲ ಎಲೆ ಉದುರಿಸಿ ನಿಂತಿದ್ದರೂ ರಸ್ತೆಬದಿಯ ಬಳ್ಳಿಗಳಲ್ಲಿ ಮಾತ್ರ ಎಲೆ ಹಸಿರಾಗಿರುವುದನ್ನು ಕಂಡ. ಮೂರು ವರ್ಷ ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದ. ಕಳ್ಳರಿಗಾಗಿ ಮಾಡಿದ್ದು ರೋಗಕ್ಕೆ ಮದ್ದಾಯಿತು. ಬೋರ್ಡೊ ದ್ರಾವಣ ನಮ್ಮ ನಾಡಿನಲ್ಲಿ ಮನೆಮಾತಾದದ್ದು ಅಡಕೆಯ ಕೊಳೆರೋಗದ ದೆಸೆಯಿಂದ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು ಮುಂದೆ ಕೃಷಿ ಇಲಾಖೆಯ ನಿರ್ದೇಶಕರಾದ ಕೆನಡದ ಲೆಸ್ಲಿ ಕೋಲ್‌ಮನ್ನರು ಮಲೆನಾಡಿನ ತೋಟಗಳಲ್ಲಿ ಆ ರೋಗವನ್ನು ಅಭ್ಯಾಸಮಾಡಿ, ಮಳೆಗೆ ಮೊದಲು ಗೊನೆಗಳಿಗೆ ಈ ದ್ರಾವಣ ಸಿಂಪಡಿಸುವುದನ್ನು ಬಳಕೆಗೆ ತಂದರು. ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಅದೇ ಒಂದೊಂದು ಕಿಲೋವನ್ನು ಹತ್ತು ಲೀಟರಿನಲ್ಲಿ ಕಲಸಿದರೆ ಮಾವು, ನಿಂಬೆಗಳ ಕಾಂಡಕ್ಕೆ ಬಳಿಯುವ ಮುಲಾಮು. ಕಬ್ಬಿಣದ ಚಾಕು ಅದ್ದಿ ತೆಗೆದಾಗ ಅದರ ಮೇಲೆ ಕೆಂಪು ಹತ್ತಿದರೆ ಸುಣ್ಣ ಸಾಲದೆಂದು ಅರ್ಥ.

ಇಷ್ಟು ಓದಿಕೊಂಡಿದ್ದ ನನಗೆ ಅದನ್ನು ಮರದ ಬುಡದಲ್ಲಿ ನಿಂತು ನೋಡುವ ಸಂದರ್ಭವೂ ಒದಗಿತು. ನಮ್ಮ ಮನೆಯ ಹಿಂದೆ ಸೋದರಮಾವನವರು ನೆಟ್ಟ ಬಾದಾಮಿ ಮಾವಿನ ಮರವಿದೆ. ಕೆಲವು ವರ್ಷಗಳ ಹಿಂದೆ ಓಣಿಯಲ್ಲಿ ಚರಂಡಿ ತೋಡಿದವರು ಪಡುವಣ ದಿಕ್ಕಿನ ಬೇರುಗಳನ್ನು ಕಡಿದು, ಅಗೆದ ಮಣ್ಣನ್ನು ಬೇಲಿಯ ಮೇಲಿಂದ ಮರದ ಬುಡಕ್ಕೇ ಒಟ್ಟಿಹೋದರು. ಮರುವರ್ಷದ ಬೇಸಗೆಯಲ್ಲಿ ಆ ದಿಕ್ಕಿನ ಕೊಂಬೆಗಳು ತುದಿಯಿಂದ ಒಣಗುತ್ತ ಬಂದವು. ಪಕ್ಕದ ಮನೆಯ ಹಿರಿಯ ಮಹಿಳೆ ಒಂದು ಸಂಜೆ ಬೇಲಿಯ ಬಳಿ ನಿಂತು, “ಮೇಷ್ಟ್ರೇ, ಮಳೆಗಾಲದಲ್ಲಿ ಇದು ನಮ್ಮ ಹಂಚಿನ ಮೇಲೆ ಬಿದ್ದರೆ ಮಕ್ಕಳು ಮಲಗೋ ಕೋಣೆ ಅದು. ದಯವಿಟ್ಟು ಯೋಚನೆ ಮಾಡಿ” ಎಂದರು. ಆಕೆಯ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಒಳಗೆ ನಮ್ಮ ಅತ್ತೆಯವರು, ಆ ಮರ ಹೋದ ದಿನ ತಮ್ಮನ್ನೂ ಊರಿಗೆ ಕಳಿಸಿಬಿಡಿ ಎಂದು ಕುಳಿತರು.

ಕೃಷಿ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಸ್ನೇಹಿತರೊಬ್ಬರನ್ನು ಕರೆತಂದೆ. ಅವರು ಎಲೆಯನ್ನು ನೋಡಲಿಲ್ಲ, ಗುದ್ದಲಿ ಕೇಳಿದರು. ಕಾಂಡ ಅಗಲವಾಗಿ ಬೇರಾಗಿ ಇಳಿಯುವ ಜಾಗ ಕಾಣುವವರೆಗೂ ಒಟ್ಟಿದ್ದ ಮಣ್ಣನ್ನು ತೆಗೆಸಿದರು. ಹೂತುಹೋಗಿದ್ದ ತೊಗಟೆ ಒದ್ದೆಯಾಗಿ ಕಪ್ಪಾಗಿತ್ತು. ಕೊಳೆತದ್ದನ್ನು ಜೀವವಿರುವ ತೊಗಟೆಯವರೆಗೆ ಕೆತ್ತಿ ಬೋರ್ಡೊ ಮುಲಾಮು ಬಳಿದರು. ಒಂದು ತೂತಿನಿಂದ ಮರದ ಹೊಟ್ಟು ಉದುರುತ್ತಿತ್ತು. ಅದು ಕಾಂಡಕೊರಕದ ಬಾಗಿಲು. ತಂತಿ ತೂರಿಸಿ ಹುಳುವನ್ನು ಚುಚ್ಚಿ, ಸೀಮೆಎಣ್ಣೆಯಲ್ಲಿ ಅದ್ದಿದ ಹತ್ತಿಯನ್ನಿಟ್ಟು ಹಸಿಮಣ್ಣಿನಿಂದ ಮುಚ್ಚಿದರು. ಒಣಕೊಂಬೆಗಳನ್ನೂ ಪಕ್ಕದ ಮನೆಯ ಮೇಲೆ ಚಾಚಿದ್ದ ದೊಡ್ಡ ಕೊಂಬೆಯನ್ನೂ ತೆಗೆಸಿದರು. ಬುಡದಿಂದ ದೂರದಲ್ಲಿ, ಎಲೆಗಳ ನೆರಳಿನ ಅಂಚಿನಲ್ಲಿ ವಾರಕ್ಕೊಮ್ಮೆ ನೀರು, ಅದರ ಮೇಲೆ ತರಗೆಲೆಯ ಹೊದಿಕೆ. “ಗೊಬ್ಬರ?” ಎಂದೆ. “ಈ ವರ್ಷ ಬೇಡ. ಮೊದಲು ಬೇರು ಬರಲಿ” ಎಂದರು. ಅವರಿಗೆ ವರಾಹಮಿಹಿರನ ಪರಿಚಯವಿರಲಿಲ್ಲ. ಮರುವರ್ಷ ಮೂಡಣ ದಿಕ್ಕಿನಲ್ಲಿ ತಾಮ್ರದ ಬಣ್ಣದ ಚಿಗುರು ಬಂತು. ಮೂರನೆಯ ವರ್ಷ ಅದೇ ದಿಕ್ಕಿಗೆ ಹೂವು. ಪಡುವಣ ಭಾಗ ಹಿಂದಿರುಗಲಿಲ್ಲ. ಮರ ಈಗ ಒಂದು ಕಡೆಗೆ ವಾಲಿದ ಕೊಡೆಯಂತೆ ನಿಂತಿದೆ. ಬಿಟ್ಟ ಹಣ್ಣಿನಲ್ಲಿ ಮೊದಲ ಬುಟ್ಟಿ ಬೇಲಿಯಾಚೆಗೆ ಹೋಗುತ್ತದೆ.

ಕೊಂಬೆ ಕಡಿಯುವುದರಲ್ಲಿಯೂ ಒಂದು ವಿದ್ಯೆಯಿದೆ. ಅದನ್ನು ಜಗತ್ತಿಗೆ ಮನಗಾಣಿಸಿದವರು ಅಮೆರಿಕದ ಅರಣ್ಯ ಇಲಾಖೆಯ ಅಲೆಕ್ಸ್ ಶೈಗೊ. ಸಾವಿರಾರು ಮರಗಳನ್ನು ಯಂತ್ರಗರಗಸದಿಂದ ಸೀಳಿ ಒಳಗಿನ ಕೊಳೆಯ ಜಾಡನ್ನು ನೋಡಿದ ಅವರು 1977ರಲ್ಲಿ ಪ್ರಕಟಿಸಿದ ವಿಚಾರ ಇದು: ಮರದ ಗಾಯ ಪ್ರಾಣಿಯ ಗಾಯದಂತೆ ಮಾಯುವುದಿಲ್ಲ. ಮರ ಕೆಟ್ಟ ಭಾಗದ ಸುತ್ತ ಒಳಗೊಳಗೇ ಗೋಡೆಕಟ್ಟಿ ಅದನ್ನು ಅಲ್ಲಿಯೇ ಬಂಧಿಸುತ್ತದೆ. ಹೊಸ ಮರ ಅದರ ಹೊರಗೆ ಬೆಳೆಯುತ್ತದೆ. ಕೊಂಬೆಯ ಬುಡದಲ್ಲಿ ಉಬ್ಬಿದ ಕೊರಳಪಟ್ಟಿಯಂಥ ಭಾಗವೊಂದಿದೆ. ಕತ್ತರಿಸುವಾಗ ಅದನ್ನು ಉಳಿಸಿ ಅದರ ಹೊರಗೆ ಕತ್ತರಿಸಬೇಕು. ಕಾಂಡಕ್ಕೆ ಸಪಾಟಾಗಿ ಕತ್ತರಿಸಿದರೆ ಗೋಡೆಕಟ್ಟುವವರನ್ನೇ ಕೊಂದಂತೆ. ಮರವನ್ನು ಮನುಷ್ಯನೆಂದು ಭಾವಿಸಿದ ನಮ್ಮ ಹಳಬರ ಉಪಮೆ ಇಲ್ಲಿ ಕೈಕೊಡುತ್ತದೆ. ಲೇಪದಿಂದ ಗಾಯ ಮಾಯುತ್ತದೆಂದು ಅವರು ನಂಬಿದ್ದರು. ಕೊಳೆ ನಿಲ್ಲಿಸುವ ಬಲ ಬಣ್ಣಕ್ಕೂ ಮುಲಾಮಿಗೂ ಇಲ್ಲವೆಂದು ಶೈಗೊ ತೋರಿಸಿದರು. ನಮ್ಮ ಮಳೆಯ ನಾಡಿನಲ್ಲಿ ತೋಟಗಾರರು ಇಂದಿಗೂ ಮೈಲುತುತ್ತ ಬಳಿಯುತ್ತಾರೆ. ಹೊಸ ಬೂಷ್ಟನ್ನು ಒಂದು ಮಳೆಗಾಲ ದೂರವಿಡಲು ಅದು ಆದೀತು. ಗೋಡೆ ಕಟ್ಟುವ ಕೆಲಸ ಮರದ್ದೇ.

ಶೋಧನೆ ಒಂದೇ ಸಾಕಾಗುವ ರೋಗವೂ ಇದೆ. ಮಾವು, ಸಪೋಟಗಳ ಕೊಂಬೆಯ ಮೇಲೆ ಬೇರೆ ಬಗೆಯ ದಪ್ಪ ಎಲೆ, ಕೊಳವೆಯಾಕಾರದ ಕೆಂಪು ಹೂವು ಕಂಡರೆ ಅದು ಬಂದಳಿಕೆ. ಅದರ ಅಂಟುಬೀಜವನ್ನು ಹಕ್ಕಿಗಳು ಕೊಂಬೆಯಿಂದ ಕೊಂಬೆಗೆ ಒಯ್ಯುತ್ತವೆ. ಅಮರಕೋಶದಲ್ಲಿ ಅದಕ್ಕಿರುವ ಹೆಸರುಗಳಲ್ಲಿ ಒಂದು ವೃಕ್ಷಾದನೀ, ಮರವನ್ನು ತಿನ್ನುವವಳು. ಹಣ್ಣು ಮಾಗುವ ಮೊದಲೇ, ಅಂಟಿದ ಜಾಗಕ್ಕಿಂತ ಕೆಳಗೆ ಕೊಂಬೆಯನ್ನು ಕತ್ತರಿಸಿದರೆ ಮುಗಿಯಿತು. ಹೂವು ಚೆನ್ನಾಗಿದೆಯೆಂದು ಬಿಟ್ಟುಕೊಂಡ ಮನೆಗಳನ್ನು ನಾನು ಕಂಡಿದ್ದೇನೆ.

ಶಾಸ್ತ್ರಗಳೆಲ್ಲ ಸೋಲುವ ಒಂದು ಕಡೆಯಿದೆ: ಬಾಳೆ. ಸಸ್ಯಶಾಸ್ತ್ರದ ಪ್ರಕಾರ ಅದು ಮರವೇ ಅಲ್ಲ, ದೊಡ್ಡದೊಂದು ಗಿಡ. ಕೆಳಗಿನ ಎಲೆಗಳು ಅಂಚಿನಿಂದ ಹಳದಿಯಾಗಿ ದಿಂಡಿಗೆ ಜೋತುಬಿದ್ದು, ದಿಂಡನ್ನು ಸೀಳಿದರೆ ಒಳಗೆ ಕಂದುಗೆಂಪು ಗೆರೆಗಳು ಕಂಡರೆ ಅದು ಪನಾಮಾ ಸೊರಗುರೋಗ. ಬೇರಿನಿಂದ ಒಳಹೋಗುವ ಫ್ಯುಸೇರಿಯಂ ಎಂಬ ಶಿಲೀಂಧ್ರ ನೀರಿನ ನಾಳಗಳನ್ನೇ ಮುಚ್ಚುತ್ತದೆ. ಗ್ರೋ ಮಿಷೆಲ್ ಎಂಬ ತಳಿಯನ್ನು ನಂಬಿದ್ದ ಮಧ್ಯ ಅಮೆರಿಕದ ತೋಟಗಳು 1950ರ ದಶಕದ ಹೊತ್ತಿಗೆ ಇದರಿಂದ ನೆಲಕಚ್ಚಿದವು. ನಮ್ಮ ನಂಜನಗೂಡು ರಸಬಾಳೆ ತನ್ನ ಊರಿನಲ್ಲಿಯೇ ಅಪರೂಪವಾದದ್ದಕ್ಕೂ ಈ ರೋಗವೇ ದೊಡ್ಡ ಕಾರಣ. ಹಾಲು, ತುಪ್ಪ, ಮೈಲುತುತ್ತ ಯಾವುದರಿಂದಲೂ ಹಿಡಿದ ಗಿಡ ಉಳಿಯುವುದಿಲ್ಲ. ರೋಗದ ಬೀಜ ಮಣ್ಣಿನಲ್ಲಿ ದಶಕಗಳ ಕಾಲ ಉಳಿಯುತ್ತದೆ. ಗಿಡವನ್ನು ಗಡ್ಡೆಸಹಿತ ಕಿತ್ತು ಅಲ್ಲಿಯೇ ಸುಡಬೇಕು, ಆ ಬುಡದ ಕಂದನ್ನು ಯಾರಿಗೂ ಕೊಡಬಾರದು, ಗುದ್ದಲಿಯನ್ನು ತೊಳೆಯದೆ ಬೇರೆ ಪಾತಿಗೆ ಹಾಕಬಾರದು. ರಸಬಾಳೆಯನ್ನು ಉಳಿಸಿಕೊಳ್ಳಲು ಹೊರಟ ರೈತರು ಅಂಗಾಂಶ ಕೃಷಿಯಿಂದ ಬಂದ ರೋಗವಿಲ್ಲದ ಸಸಿಗಳನ್ನು ಹಿಂದೆ ಬಾಳೆ ಬೆಳೆಯದ ನೆಲದಲ್ಲಿ ನೆಡುತ್ತಾರೆ. ಹಿತ್ತಲಲ್ಲಿ ಅಂಥ ಹೊಸ ನೆಲ ಎಲ್ಲಿಂದ ಬರಬೇಕು? ಆ ಮೂಲೆಗೆ ಒಂದು ಕರಿಬೇವು, ಒಂದು ನುಗ್ಗೆ ಹಾಕಿಕೊಳ್ಳಿ ಎಂದು ಕೇಳಿದವರಿಗೆ ನಾನು ಹೇಳುತ್ತೇನೆ. ರಸಬಾಳೆಯನ್ನು ಸಿಕ್ಕಿದಾಗ ಸಂತೆಯಲ್ಲಿ ಕೊಳ್ಳುತ್ತೇನೆ.